ಒಟ್ಟಿಗೆ ಸತ್ತ ಐದು ಕೀಲಿಗಳು

ವಿಕ್ರೋಳಿ ಪೂರ್ವದ ಕನ್ನಮ್ವಾರ್ ನಗರದಲ್ಲಿ ಹಳೆಯ ಕಟ್ಟಡಗಳನ್ನು ಒಂದೊಂದಾಗಿ ಕೆಡವಿ, ಅದೇ ಜಾಗದಲ್ಲಿ ಮುಗಿಲೆತ್ತರದ ಕಟ್ಟಡಗಳನ್ನು ಎಬ್ಬಿಸುವ ಕೆಲಸ ಕೆಲವು ವರ್ಷಗಳಿಂದ ನಡೆದಿರುವುದನ್ನು ಆ ಭಾಗದ ನಮ್ಮ ವಾಚಕರು ಬಲ್ಲರು. ಮನೆ ತೆರವು ಮಾಡಬೇಕೆಂಬ ಸೂಚನೆ ಬಂದೊಡನೆ ಪ್ರತಿಯೊಂದು ಕುಟುಂಬದಲ್ಲಿಯೂ ಒಂದು ಪಂಚಾಯತಿ ಸೇರುತ್ತದೆ. ಯಾವ ವಸ್ತು ಬಾಡಿಗೆಯ ಮನೆಗೆ ಬರಬೇಕು, ಯಾವುದು ಭಂಗಾರಿನವನ ತಕ್ಕಡಿಗೆ ಹೋಗಬೇಕು ಎಂಬುದೇ ಅದರ ವಿಷಯ. ಈ ಪಂಚಾಯತಿಯಲ್ಲಿ ಹಿರಿಯರ ಮಾತು ನಡೆಯುವುದು ಕಡಿಮೆ. ಅಟ್ಟದ ಮೇಲಿನ ತಾಮ್ರದ ಹಂಡೆಯ ಪರವಾಗಿ ವಾದಿಸಲು ಯಾರಾದರೂ ಇರುತ್ತಾರೆ. ಕೆಟ್ಟುಹೋದ ಯಂತ್ರದ ಪರವಾಗಿ ವಾದಿಸುವವರು ಯಾರೂ ಇರುವುದಿಲ್ಲ.

ಅಂಥ ಒಂದು ಯಂತ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಕಳೆದ ತಿಂಗಳು ಒಂದು ದಿನ ಮಧ್ಯಾಹ್ನ ಮೂರೂವರೆಯ ವೇಳೆಗೆ, ನಮ್ಮ ಹೋಟೆಲಿಗೆ ಒಬ್ಬ ಹಿರಿಯರು ಬಂದರು. ನಮ್ಮ ಹೋಟೆಲೆಂದರೆ ಈಗ ತಮ್ಮನದು. ಪತ್ರಿಕೆಯ ಕೆಲಸಕ್ಕೆ ಬಿದ್ದ ಮೇಲೆ ಗಲ್ಲಾವನ್ನು ಅವನಿಗೆ ವಹಿಸಿಕೊಟ್ಟಿದ್ದೇವೆ. ಆದರೂ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮುಂಚಿನ ಆ ಒಂದು ಗಂಟೆ ನಮ್ಮ ಕಾಲುಗಳು ತಾವಾಗಿಯೇ ಅಲ್ಲಿಗೆ ಎಳೆಯುತ್ತವೆ. ಹಿರಿಯರು ಟೈಪಿಸ್ಟ್ ಗುಮಾಸ್ತರಾಗಿ ದುಡಿದು ನಿವೃತ್ತರಾದವರು, ಎಪ್ಪತ್ತೆಂಟರ ಪ್ರಾಯ, ಕುಂದಾಪುರದ ಕಡೆಯವರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದು ಮೇಜು ಒರೆಸುತ್ತಿದ್ದ ದಿನಗಳಿಂದಲೂ ನಮ್ಮನ್ನು ಬಲ್ಲವರು. ಆಗ ನಮ್ಮನ್ನು 'ಮಾಣಿ' ಎನ್ನುತ್ತಿದ್ದರು. ಈಗ ಸ್ವಲ್ಪ ತಮಾಷೆಯಿಂದ 'ಸಂಪಾದಕರೇ' ಎನ್ನುತ್ತಾರೆ.

"ಸಂಪಾದಕರೇ, ಇದಕ್ಕೆ ಏನಾದರೂ ಉಪಾಯ ಉಂಟೋ ನೋಡಿ. ಇಲ್ಲದಿದ್ದರೆ ಶನಿವಾರ ಭಂಗಾರಿನವ ಬರುತ್ತಾನೆ" ಎಂದು ಅವರು ಗಂಟನ್ನು ಬಿಚ್ಚಿದರು.

ಒಳಗಿದ್ದುದು ಒಂದು ಕಪ್ಪು ಪೆಟ್ಟಿಗೆ. ದಪ್ಪ ಪುಸ್ತಕದಷ್ಟು ಗಾತ್ರ, ಮೇಲ್ಗಡೆ ಪೂರ್ತಿ ಕೀಲಿಗಳು. ಅದು ಸ್ಪೆಕ್ಟ್ರಮ್ ಪ್ಲಸ್ ಎಂಬ ಮನೆ-ಕಂಪ್ಯೂಟರು. ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯವರು 1982ರಲ್ಲಿ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರನ್ನೂ, 1984ರಲ್ಲಿ ಅದರದೇ ಒಳಾಂಗಕ್ಕೆ ಗಟ್ಟಿಯಾದ ಕೀಲಿಮಣೆ ಜೋಡಿಸಿ ಈ 'ಪ್ಲಸ್' ಅನ್ನೂ ಹೊರತಂದರು. 1986ರ ಸುಮಾರಿಗೆ ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು ಅದನ್ನು ನಮ್ಮ ದೇಶದಲ್ಲಿಯೂ ಮಾರಿತು. ಈಗಿನ ಕಂಪ್ಯೂಟರಿನಂತೆ ಇದಕ್ಕೆ ಸ್ವಂತ ಪರದೆಯಿಲ್ಲ. ಮನೆಯ ಟೀವಿಗೆ ಜೋಡಿಸಬೇಕು. ಬರೆದಿಟ್ಟುದನ್ನು ಉಳಿಸಲು ಹಾಡಿನ ಕ್ಯಾಸೆಟ್ಟೇ ಗತಿ. ಜ್ಞಾಪಕಶಕ್ತಿ 48 ಕಿಲೋಬೈಟ್. ಇಂದು ಮೊಬೈಲಿನಲ್ಲಿ ಬರುವ ಒಂದು ಸಾಧಾರಣ ಛಾಯಾಚಿತ್ರವೂ ಅದರಲ್ಲಿ ಹಿಡಿಸಲಾರದು.

ಹಿರಿಯರು ಅದನ್ನು 1988ರಲ್ಲಿ, ದೀಪಾವಳಿಯ ಬೋನಸ್ಸಿಗೆ ಚೀಟಿಯ ಹಣವನ್ನು ಸೇರಿಸಿ ಕೊಂಡದ್ದಂತೆ. ಮನೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಕೊಂಡ ಕಾರಣವನ್ನು ನಾವು ಕೇಳಿದೆವು. ಅವರು ಕೂಡಲೇ ಹೇಳಲಿಲ್ಲ. "ಮೊದಲು ಸರಿಯಾಗಲಿ, ಆಮೇಲೆ ಹೇಳುತ್ತೇನೆ" ಎಂದು ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು.

ಕಾಯಿಲೆ ಏನೆಂದರೆ, ಯಂತ್ರಕ್ಕೆ ಜೀವವಿದೆ. ಟೀವಿಯಲ್ಲಿ ಅದರ ಮೊದಲಿನ ಬರಹ ಮೂಡುತ್ತದೆ. ಆದರೆ ಕೆಲವು ಕೀಲಿಗಳು ಸತ್ತಿವೆ. ಅದರಲ್ಲಿಯೂ ಜೆ ಎಂಬ ಕೀಲಿ. ಈ ಯಂತ್ರದಲ್ಲಿ ಪದಗಳನ್ನು ಅಕ್ಷರ ಅಕ್ಷರವಾಗಿ ಹೊಡೆಯುವ ಪದ್ಧತಿಯಿಲ್ಲ. ಒಂದೊಂದು ಆಜ್ಞೆಗೆ ಒಂದೊಂದು ಕೀಲಿ. ಕ್ಯಾಸೆಟ್ಟಿನಿಂದ ಓದಿಕೋ ಎಂಬ 'ಲೋಡ್' ಆಜ್ಞೆ ಜೆ ಕೀಲಿಯ ಮೇಲಿದೆ. ಜೆ ಸತ್ತರೆ ಕ್ಯಾಸೆಟ್ಟಿನ ಬಾಗಿಲೇ ಮುಚ್ಚಿದಂತೆ. ಒಬ್ಬ ಮೆಕ್ಯಾನಿಕ್ ಅದನ್ನು ಅಂಗಡಿಯ ಮೇಜಿನ ಮೇಲೆ ತಿರುಗಿಸಿಯೂ ನೋಡದೆ, ಚಿಪ್ ಹೋಗಿದೆ, ಎಸೆಯಿರಿ ಎಂದಿದ್ದನಂತೆ. ಅನಂತರ ಹಿರಿಯರು ತಾವೇ ಚಿಕಿತ್ಸೆಗೆ ಇಳಿದಿದ್ದರು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಜೆ ಕೀಲಿಯ ಸುತ್ತಲೂ ಎರಡು ದಿನ ಉಜ್ಜಿದ್ದರು. ಪ್ರಯೋಜನವಾಗಲಿಲ್ಲ.

ಹಿರಿಯರು ಹಾಗೇಕೆ ಮಾಡಿದರೆಂಬುದು ನಮಗೆ ತಿಳಿಯಿತು, ಏಕೆಂದರೆ ಅವರ ಬೆರಳುಗಳು ಟೈಪ್‌ರೈಟರಿನ ಗರಡಿಯಲ್ಲಿ ಪಳಗಿದವು. ಟೈಪ್‌ರೈಟರಿನ ಮಾತು ಬಂದಾಗ ವಿಕ್ರೋಳಿಯಲ್ಲಿದ್ದುಕೊಂಡು ಗೋದ್ರೆಜ್ ಹೆಸರನ್ನು ಬಿಟ್ಟು ಮುಂದುವರಿಯುವುದು ಸಾಧ್ಯವಿಲ್ಲ. ಪಿರೋಜ್‌ಷಾ ಗೋದ್ರೆಜ್ ಅವರು 1940ರ ದಶಕದಲ್ಲಿ ಕೊಂಡ ಇಲ್ಲಿಯ ಭೂಮಿಯಲ್ಲಿ ಬೆಳೆದ ಕಾರ್ಖಾನೆಯಲ್ಲಿಯೇ ಸ್ವತಂತ್ರ ಭಾರತದ ಪ್ರಥಮ ಚುನಾವಣೆಯ ಲಕ್ಷಗಟ್ಟಲೆ ಮತಪೆಟ್ಟಿಗೆಗಳು ತಯಾರಾದವು. ಅದೇ ಗೋದ್ರೆಜ್ ಮತ್ತು ಬಾಯ್ಸ್ ಸಂಸ್ಥೆ 1955ರಲ್ಲಿ ನಮ್ಮ ದೇಶದಲ್ಲಿಯೇ ನಿರ್ಮಿಸಿದ ಟೈಪ್‌ರೈಟರನ್ನು ಹೊರತಂದಿತು. ಮುಂದೆ 'ಪ್ರೈಮಾ' ಎಂಬ ಅದರ ಮಾದರಿ ಕಚೇರಿ ಕಚೇರಿಗಳನ್ನು ಹೊಕ್ಕಿತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿ ಗುಮಾಸ್ತರಾದ ನಮ್ಮವರು ಎಷ್ಟು ಮಂದಿ! ಅವರ ಅನ್ನದ ದಾರಿ ಆ ಕೀಲಿಗಳ ಮೇಲಿನಿಂದಲೇ ಹಾದುಹೋಗಿತ್ತು. 2009ರಲ್ಲಿ ಗೋದ್ರೆಜ್ ಟೈಪ್‌ರೈಟರುಗಳ ತಯಾರಿಕೆ ನಿಂತಿತು. 2011ರಲ್ಲಿ ಆ ಸುದ್ದಿ, ಜಗತ್ತಿನ ಕಟ್ಟಕಡೆಯ ಟೈಪ್‌ರೈಟರ್ ಕಾರ್ಖಾನೆ ಮುಚ್ಚಿತು ಎಂಬ ಉತ್ಪ್ರೇಕ್ಷೆಯೊಡನೆ, ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು.

ಟೈಪ್‌ರೈಟರಿನಲ್ಲಿ ಪ್ರತಿಯೊಂದು ಕೀಲಿಗೂ ಅದರದೇ ಆದ ಸನ್ನೆ, ಅದರದೇ ಆದ ಕೊಂಡಿ, ಅದರದೇ ಆದ ಅಕ್ಷರದ ಕಡ್ಡಿ. ಒಂದು ಕೀಲಿ ಹಿಡಿದುಕೊಂಡರೆ ದೋಷ ಅದರ ದಾರಿಯಲ್ಲಿಯೇ ಇದ್ದಾಗಬೇಕು. ಹೆಚ್ಚಾಗಿ ಅಕ್ಷರದ ಕಡ್ಡಿಗಳು ಕೂಡುವ ಬಾಚಣಿಗೆಯಂಥ ಸೀಳುಗಳಲ್ಲಿ ರಬ್ಬರಿನ ಪುಡಿಯೂ ಧೂಳೂ ಹಳೆಯ ಎಣ್ಣೆಯೂ ಸೇರಿ ಅಂಟಾಗಿರುತ್ತದೆ. ಬ್ರಷ್ಷಿನಿಂದ ಸ್ಪಿರಿಟ್ ಹಚ್ಚಿ ತೊಳೆದರೆ ಕೀಲಿ ಎದ್ದು ಕೂಡುತ್ತದೆ. ಅಲ್ಲಿ ಎಣ್ಣೆ ಬಿಡುವವನು ಹೊಸ ಗುಮಾಸ್ತ. ಆರು ತಿಂಗಳಲ್ಲಿ ಅದೇ ಎಣ್ಣೆ ಮತ್ತೆ ಗೋಂದಾಗುತ್ತದೆ. ಹಳಬರು ಒಣಗಿಸಿ ಬಿಡುತ್ತಾರೆ.

ಇಲ್ಲಿ ಇನ್ನೊಂದು ಮಾತು. ಟೈಪಿಸ್ಟರ ಪರಿಭಾಷೆಯಲ್ಲಿ 'ಡೆಡ್ ಕೀ' ಎಂದರೆ ಕೆಟ್ಟ ಕೀಲಿಯಲ್ಲ. ಹೊಡೆದರೆ ಕಾಗದದ ಮೇಲೆ ಚಿಹ್ನೆ ಬೀಳುತ್ತದೆ, ಆದರೆ ಗಾಡಿ ಮುಂದಕ್ಕೆ ಸರಿಯುವುದಿಲ್ಲ. ಹಾಗೆ ಬೇಕೆಂದೇ ಮಾಡಿರುತ್ತಾರೆ. ಫ್ರೆಂಚರ ಸ್ವರಚಿಹ್ನೆಗಳಿಗೂ ದೇವನಾಗರಿಯ ಕೆಳಗಿನ ಕೊಂಬುಗಳಿಗೂ ಅದು ಬೇಕು. ಅಕ್ಷರದ ಕೆಳಗೆ ಒತ್ತು ಬರೆಯುವ ನಮ್ಮ ಭಾಷೆಗೆ ಅದಿಲ್ಲದೆ ಆಗದು. ಕನ್ನಡ ಟೈಪ್‌ರೈಟರಿಗೆ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರು ಇಷ್ಟೊಂದು ಅಕ್ಷರಗಳನ್ನು ಇಂಗ್ಲಿಷಿನ ಅಷ್ಟೇ ಕೀಲಿಗಳಲ್ಲಿ ಕೂಡಿಸಲು ಪಟ್ಟ ಪಾಡನ್ನು ನೆನೆದರೆ ತಲೆ ಬಾಗುತ್ತದೆ. ಅಂಥ ಸತ್ತ ಕೀಲಿ ಕನ್ನಡಕ್ಕೆ ಜೀವ. ನಮ್ಮ ಹಿರಿಯರ ಯಂತ್ರದ ಕೀಲಿಗಳದು ಬೇರೆಯೇ ಮರಣ.

"ರಾಯರೇ, ಜೆ ಒಂದೇ ಸತ್ತಿದೆಯೋ, ಜೊತೆಗೆ ಬೇರೆ ಯಾರಾದರೂ ಇದ್ದಾರೆಯೋ?" ಎಂದು ಕೇಳಿದವನು ನಾವಲ್ಲ, ನಮ್ಮ ಹೋಟೆಲಿನ ಹುಡುಗ. ಊರಿನಲ್ಲಿ ಐ.ಟಿ.ಐ. ಎಲೆಕ್ಟ್ರೀಷಿಯನ್ ಮುಗಿಸಿ ಬಂದವನು, ಇಪ್ಪತ್ತೆರಡರ ಪ್ರಾಯ. ಬೆಳಿಗ್ಗೆ ಸಪ್ಲಾಯರ್, ಬಿಡುವಿನಲ್ಲಿ ಗ್ರೈಂಡರು, ಫ್ರಿಜ್ಜು, ಬಿಲ್ಲಿನ ಮಿಷನ್ನುಗಳ ವೈದ್ಯ. ಕಪ್ಪು ಪೆಟ್ಟಿಗೆಯನ್ನು ಕಂಡು ಅವನ ಕಣ್ಣು ಅರಳಿತ್ತು. ಅಡಿಗೆಮನೆಯ ಕಡೆ ಹೋಗುವುದನ್ನು ಬಿಟ್ಟು ನಮ್ಮ ಮೇಜಿನ ಬಳಿಯೇ ನಿಂತಿದ್ದ.

ಹಿರಿಯರು ತಲೆಯಾಡಿಸಿದರು. ಜೆ ಬಗ್ಗೆ ಮಾತ್ರ ಚಿಂತಿಸಿದ್ದ ಅವರು ಉಳಿದವುಗಳನ್ನು ಕ್ರಮವಾಗಿ ಪರೀಕ್ಷಿಸಿಯೇ ಇರಲಿಲ್ಲ. ಹೋಟೆಲಿನ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಟೀವಿಯನ್ನು ತಂದೆವು. ಯಂತ್ರದ ಮೂಲ ಅಡಾಪ್ಟರ್ ಅವರ ಬಳಿ ಇತ್ತು. ಇದು ದೊಡ್ಡ ಪುಣ್ಯ. ಈ ಯಂತ್ರಕ್ಕೆ ಬೇಕಾದುದು 9 ವೋಲ್ಟ್. ಆದರೆ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ, ಎಂದರೆ ಇಂದಿನ ಬಹುತೇಕ ಅಡಾಪ್ಟರುಗಳಿಗೆ ತಿರುವುಮುರುವು. ಪಿನ್ನು ಹೊಂದಿತೆಂದು ಕೈಗೆ ಸಿಕ್ಕಿದ್ದನ್ನು ಚುಚ್ಚಿದರೆ ಕೀಲಿಯಲ್ಲ, ಯಂತ್ರವೇ ಸಾಯುತ್ತದೆ.

ಒಂದೊಂದೇ ಕೀಲಿಯನ್ನು ಒತ್ತುತ್ತ ಹೋದೆವು. ಹುಡುಗ ಬಿಲ್ಲಿನ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಹತ್ತು ನಿಮಿಷದ ಮೇಲೆ ಪಟ್ಟಿ ಸಿದ್ಧವಾಯಿತು. ಸತ್ತವು ಎಚ್, ಜೆ, ಕೆ, ಎಲ್, ಮತ್ತು ಎಂಟರ್. ಒಟ್ಟು ಐದು, ಎಲ್ಲವೂ ಒಂದೇ ಸಾಲಿನ ಬಲಭಾಗದವು. ಉಳಿದ ಒಂದು ಕೀಲಿಗೂ ನೆಗಡಿಯೂ ಆಗಿರಲಿಲ್ಲ.

ಐದು ಜನ ಒಂದೇ ಮನೆಯಲ್ಲಿ ಒಂದೇ ದಿನ ಮಲಗಿದರೆ ಯಾವ ವೈದ್ಯನೂ ಐದು ಬೇರೆ ಬೇರೆ ರೋಗಗಳೆಂದು ತಿಳಿಯುವುದಿಲ್ಲ. ಬಾವಿಯ ನೀರನ್ನು ನೋಡುತ್ತಾನೆ. ಈ ಬಾವಿ ಯಾವುದೆಂಬುದನ್ನು ನಮ್ಮ ಹೋಟೆಲ್ ಬಂಧುಗಳಿಗೆ ಅವರದೇ ಭಾಷೆಯಲ್ಲಿ ಹೇಳುತ್ತೇವೆ.

ಒಂದು ದೊಡ್ಡ ಹೋಟೆಲಿದೆ ಎಂದುಕೊಳ್ಳಿ. ಎಂಟು ಸಾಲು, ಸಾಲಿಗೆ ಐದು ಮೇಜು, ಒಟ್ಟು ನಲವತ್ತು. ಪ್ರತಿ ಮೇಜಿನಿಂದಲೂ ಗಲ್ಲಾಕ್ಕೆ ಒಂದೊಂದು ಗಂಟೆಯ ಹಗ್ಗ ಎಳೆದರೆ ನಲವತ್ತು ಹಗ್ಗ ಬೇಕು, ಟೈಪ್‌ರೈಟರಿನ ಹಾಗೆ. ಜಾಣ ಮಾಲಕ ಹಾಗೆ ಮಾಡುವುದಿಲ್ಲ. ಸಾಲಿಗೊಂದರಂತೆ ಎಂಟು ಹಗ್ಗಗಳನ್ನು ಉದ್ದಕ್ಕೆ ಹಾಯಿಸುತ್ತಾನೆ. ಪ್ರತಿ ಸಾಲಿನ ಮೊದಲನೆಯ ಮೇಜಿಗೆಲ್ಲ ಒಂದು, ಎರಡನೆಯದಕ್ಕೆಲ್ಲ ಒಂದು, ಹೀಗೆ ಐದು ಹಗ್ಗಗಳನ್ನು ಅಡ್ಡಕ್ಕೆ ಹಾಯಿಸುತ್ತಾನೆ. ಗಿರಾಕಿ ತನ್ನ ಮೇಜನ್ನು ಒತ್ತಿದರೆ ಅಲ್ಲಿ ಹಾಯುವ ಉದ್ದದ ಹಗ್ಗವೂ ಅಡ್ಡದ ಹಗ್ಗವೂ ಒಂದಕ್ಕೊಂದು ತಾಗುತ್ತವೆ. ಮಾಲಕ ಗಲ್ಲಾದಲ್ಲಿ ಕುಳಿತು ಮೊದಲನೆಯ ಸಾಲಿನ ಹಗ್ಗವನ್ನು ಜಗ್ಗಿ, ಅಡ್ಡದ ಐದರಲ್ಲಿ ಯಾವುದು ಅಲುಗಿತು ಎಂದು ನೋಡುತ್ತಾನೆ. ಅನಂತರ ಎರಡನೆಯ ಸಾಲು, ಮೂರನೆಯದು. ಹದಿಮೂರು ಹಗ್ಗಗಳಲ್ಲಿ ನಲವತ್ತು ಮೇಜುಗಳ ಸುದ್ದಿ ತಿಳಿಯುತ್ತದೆ. ಈ ಯಂತ್ರವೂ ಹಾಗೆಯೇ ಎಂಟು ಸಾಲುಗಳನ್ನೂ ಒಂದು ಸೆಕೆಂಡಿಗೆ 50 ಬಾರಿ ವಿಚಾರಿಸಿಕೊಳ್ಳುತ್ತದೆ. (ನಮ್ಮ ಸಪ್ಲಾಯರುಗಳು ಒಂದು ಬಾರಿ ವಿಚಾರಿಸಿದರೂ ಗಿರಾಕಿಗಳು ಸಂತೋಷಪಡುತ್ತಾರೆ.) ಕೀಲಿಗಳು ನೋಡಲು 58 ಇದ್ದರೂ ಒಳಗಿನ ಲೆಕ್ಕದಲ್ಲಿ ಸ್ಥಾನಗಳು 40 ಮಾತ್ರ, ಹೆಚ್ಚಿನವು ಎರಡು ಕೀಲಿಗಳನ್ನು ಕೂಡಿ ಒತ್ತಿದಂತೆ ನಟಿಸುವ ಜೋಡಿಕೀಲಿಗಳು.

ಇನ್ನು ರೋಗನಿದಾನ ಸುಲಭ. ಒಂದೇ ಮೇಜಿನ ಸುದ್ದಿ ಬಾರದಿದ್ದರೆ ದೋಷ ಆ ಮೇಜಿನದು: ಕೀಲಿಯ ಕೆಳಗೆ ಕೊಳೆ ಸೇರಿರಬಹುದು, ಇಲ್ಲವೇ ಅಲ್ಲಿಯ ಸ್ಪರ್ಶಬಿಂದು ಸವೆದಿರಬಹುದು. ಒಂದು ಸಾಲಿನ ಐದೂ ಒಟ್ಟಿಗೆ ಮೌನವಾದರೆ ಆ ಸಾಲಿನ ಹಗ್ಗ ಕಡಿದಿದೆ. ಎಂಟು ಸಾಲುಗಳಲ್ಲಿಯೂ ಒಂದೊಂದು ಮೌನವಾದರೆ ಅಡ್ಡದ ಹಗ್ಗ ಕಡಿದಿದೆ. ಈ ಯಂತ್ರದಲ್ಲಿ ಎಣಿಕೆ ಎರಡೂ ಅಂಚುಗಳಿಂದ ನಡುವಿಗೆ ನಡೆಯುವುದರಿಂದ, ಅಡ್ಡದ ಮೊದಲನೆಯ ಹಗ್ಗ ಹೋದರೆ ಎಡಗಡೆಯಲ್ಲಿ 1, ಕ್ಯೂ, ಎ, ಕ್ಯಾಪ್ಸ್ ಶಿಫ್ಟ್, ಬಲಗಡೆಯಲ್ಲಿ 0, ಪಿ, ಎಂಟರ್, ಸ್ಪೇಸ್ ಈ ಎಂಟೂ ಒಮ್ಮೆಗೇ ಮಲಗುತ್ತವೆ. ಕಂಡವರು ಯಂತ್ರಕ್ಕೆ ದೆವ್ವ ಹಿಡಿದಿದೆ ಎಂದುಕೊಳ್ಳಬೇಕು! ಆದುದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಪೆನ್ಸಿಲ್ ಹಿಡಿಯಬೇಕು. ಯಾವುದು ಸತ್ತಿತು ಎಂಬುದಕ್ಕಿಂತ ಯಾರ ಜೊತೆಗೆ ಯಾರು ಸತ್ತರು ಎಂಬುದು ಮುಖ್ಯ.

ಇದನ್ನು ವಿವರಿಸಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಇದು ಕ-ವರ್ಗ, ಚ-ವರ್ಗದ ಹಾಗೆ ಐದೈದರ ವರ್ಗ. ಒಂದು ವರ್ಗ ಪೂರ್ತಿ ಹೋಗಿದೆ. ನಾನು ಒಂದಕ್ಷರವನ್ನು ಉಜ್ಜಿದೆ ಮಾರಾಯ್ರೆ!" ಎಂದರು. ಇದಕ್ಕಿಂತ ಚೆನ್ನಾಗಿ ನಾವೂ ಹೇಳಲಾರೆವು.

ವಿದ್ಯುತ್ತನ್ನು ಕಿತ್ತು, ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ ಹುಡುಗ ಮೇಲಿನ ಮುಚ್ಚಳವನ್ನು ಮೆಲ್ಲಗೆ ಎತ್ತಿದ. ಮೆಲ್ಲಗೆ ಎಂಬ ಮಾತನ್ನು ಇಲ್ಲಿ ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಬೇಕು. ಕೀಲಿಗಳ ಕೆಳಗೆ ಒಂದರ ಮೇಲೊಂದು ಹಾಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿವೆ. ನಾವು ಹೇಳಿದ ಹಗ್ಗಗಳು ಅವುಗಳ ಮೇಲೆ ಅಚ್ಚಾದ ವಿದ್ಯುತ್ ಗೆರೆಗಳು. ಅಲ್ಲಿಂದ ಎರಡು ಪಟ್ಟಿಗಳು ಬಾಲದಂತೆ ಹೊರಟು ಕೆಳಗಿನ ಹಲಗೆಯ ಸಾಕೆಟ್ಟುಗಳಿಗೆ ಹೋಗುತ್ತವೆ: ಒಂದರಲ್ಲಿ ಎಂಟು ಗೆರೆ, ಇನ್ನೊಂದರಲ್ಲಿ ಐದು. ಮುಚ್ಚಳವನ್ನು ಹೋಟೆಲಿನ ಡಬ್ಬಿಯ ಮುಚ್ಚಳದಂತೆ ಎಳೆದರೆ ಈ ಬಾಲಗಳು ಹರಿದು ಕೈಗೆ ಬರುತ್ತವೆ. ಮೂವತ್ತೈದು ವರ್ಷಗಳ ಮುಂಬಯಿಯ ಸೆಕೆಯಲ್ಲಿ ಆ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ಬಾಲಗಳನ್ನು ನೇರವಾಗಿ ಮೇಲಕ್ಕೆ, ಓರೆಯಾಗದಂತೆ, ಸಾಕೆಟ್ಟಿನ ಹತ್ತಿರವೇ ಹಿಡಿದು ತೆಗೆಯಬೇಕು. ಅವನು ಹಾಗೆ ತೆಗೆದ.

ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆವು. ಎಂಟು ಗೆರೆಯ ಬಾಲದಲ್ಲಿ, ಅದು ಸಾಕೆಟ್ಟನ್ನು ಸೇರುವ ಸ್ಥಳದಿಂದ ಎರಡು ಮೂರು ಮಿಲಿಮೀಟರ್ ಮೇಲೆ, ಮಡಚಿಕೊಂಡ ಜಾಗದಲ್ಲಿ ಒಂದು ಗೆರೆಗೆ ಅಡ್ಡವಾಗಿ ಕೂದಲೆಳೆಯಂಥ ಬಿರುಕು. ಹುಡುಗ ಮಲ್ಟಿಮೀಟರನ್ನು ಹಚ್ಚಿದ. ಬಿರುಕಿನ ಈ ಕಡೆ ಒಂದು ಕಡ್ಡಿ, ಆ ಕಡೆ ಒಂದು ಕಡ್ಡಿ; ಮೀಟರು ಉಸಿರೆತ್ತಲಿಲ್ಲ. ಪಕ್ಕದ ಗೆರೆಗಳ ಮೇಲೆ ಹಚ್ಚಿದರೆ 'ಟೂಂ' ಎಂದು ಕೂಗಿತು.

ಇಷ್ಟರಿಂದಲೇ ತೃಪ್ತಿಪಟ್ಟುಕೊಳ್ಳಬಹುದಿತ್ತು. ಆದರೆ ಮೆಕ್ಯಾನಿಕ್ ಹೇಳಿದ ಚಿಪ್ಪಿನ ಮಾತು ಹಿರಿಯರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಒಳಗಿನ ಹಲಗೆಯಲ್ಲಿ ಪ್ರತಿಯೊಂದು ಸಾಲಿಗೂ ಒಂದೊಂದು ಡಯೋಡ್ ಇದೆ. ಅದು ಕೆಟ್ಟರೂ ಇದೇ ಐದು ಕೀಲಿಗಳು ಸಾಯುತ್ತವೆ. ಆರೋಪಿ ಹಾಳೆಯೋ ಹಲಗೆಯೋ ಎಂದು ತೀರ್ಮಾನಿಸುವ ಪರೀಕ್ಷೆ ಒಂದಿದೆ. ಬಾಲಗಳನ್ನು ಹೊರಗೇ ಇಟ್ಟು ಯಂತ್ರಕ್ಕೆ ವಿದ್ಯುತ್ ಕೊಟ್ಟೆವು. ಹುಡುಗ ಮೇಲ್ಹೊದಿಕೆಯಿರುವ ಒಂದು ಗೇಣು ತಂತಿಯ ಎರಡು ತುದಿಗಳನ್ನು ಮಾತ್ರ ಸುಲಿದು, ಒಂದು ತುದಿಯನ್ನು ಬಿರುಕು ಬಿಟ್ಟ ಗೆರೆ ಕೂಡುವ ಸಾಕೆಟ್ಟಿನ ತೂತಿನಲ್ಲಿಟ್ಟ; ಇನ್ನೊಂದು ತುದಿಯನ್ನು ಐದು ಗೆರೆಯ ಸಾಕೆಟ್ಟಿನ ಒಂದು ತೂತಿಗೆ ತಾಗಿಸಿದ. ಈಗ ಕೀಲಿಯೂ ಇಲ್ಲ, ಹಾಳೆಯೂ ಇಲ್ಲ, ತಂತಿಯೇ ಬೆರಳು.

ಟೀವಿಯ ಕೆಳಭಾಗದಲ್ಲಿ 'ಲಿಸ್ಟ್' ಎಂಬ ಪದ ಮೂಡಿತು.

"ಕೆ! ಅದು ಕೆ ಕೀಲಿ!" ಎಂದು ಹಿರಿಯರು ಕೂಗಿದ ಧ್ವನಿಗೆ ಅಡಿಗೆಮನೆಯಿಂದ ಭಟ್ಟರು ಸೌಟಿನೊಡನೆ ಹೊರಬಂದರು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ, ತಂತಿಯನ್ನು ಪಕ್ಕದ ತೂತಿಗೆ ತಾಗಿಸಿದಾಗ ಬಂದದ್ದು 'ಲೋಡ್'. ಮೂರು ವರ್ಷಗಳ ಮೇಲೆ ಆ ಪದವನ್ನು ಕಾಣುತ್ತಿದ್ದೇನೆ ಎಂದರು ಅವರು. ಚಿಪ್ಪೂ ಡಯೋಡೂ ನಿರಪರಾಧಿಗಳು. ಒಂದು ಕೂದಲೆಳೆಯಷ್ಟು ಬಿರುಕಿಗಾಗಿ ಇಡೀ ಯಂತ್ರ ಕಿಲೋ ಲೆಕ್ಕದಲ್ಲಿ ಹೋಗುವುದರಲ್ಲಿತ್ತು.

ಚಿಕಿತ್ಸೆ ನಿದಾನಕ್ಕಿಂತ ಸಣ್ಣದು. ಬಿರುಕು ಬಾಲದ ತುದಿಗೆ ತೀರ ಹತ್ತಿರವಿದ್ದುದೂ, ಬಾಲದಲ್ಲಿ ಸ್ವಲ್ಪ ಉದ್ದ ಮಿಕ್ಕಿದ್ದುದೂ ನಮ್ಮ ಅದೃಷ್ಟ. ಹರಿತವಾದ ಕತ್ತರಿಯಿಂದ ಬಿರುಕಿನ ಮೇಲ್ಗಡೆ ತುದಿಯನ್ನು ನೇರವಾಗಿ ಕತ್ತರಿಸಿ, ಹೊಸ ತುದಿಯನ್ನು ಸಾಕೆಟ್ಟಿಗೆ ತೂರಿಸಿದರಾಯಿತು. ಕಾವಲಿಯ ಮೇಲೆ ದೋಸೆಯ ಸುಟ್ಟ ಅಂಚನ್ನು ತೆಗೆದ ಹಾಗೆ. ಆದರೆ ಓರೆಯಾಗಿ ಕತ್ತರಿಸಿದರೆ ಒಂದು ಗೆರೆ ತಾಗಿ ಇನ್ನೊಂದು ತಾಗದೆ ಹೊಸ ರೋಗ ಹುಟ್ಟುತ್ತದೆ. ಅಳತೆಪಟ್ಟಿ ಹಿಡಿದು ಕತ್ತರಿಸಬೇಕು. ಬೆಸುಗೆ ಹಾಕುವ ಆಸೆ ಯಾರಿಗೂ ಬರಬಾರದು. ಕಾದ ಕಡ್ಡಿ ತಾಗಿದ ಕ್ಷಣವೇ ಆ ಪ್ಲಾಸ್ಟಿಕ್ ಮುದುರಿಕೊಳ್ಳುತ್ತದೆ. ಬಿರುಕು ಬಹಳ ಮೇಲೆ, ಕತ್ತರಿಗೆ ನಿಲುಕದಲ್ಲಿ ಇದ್ದರೆ ವಿದ್ಯುತ್ ಹರಿಸುವ ಬೆಳ್ಳಿಯ ಬಣ್ಣದಿಂದ ಗೆರೆಯನ್ನು ಕೂಡಿಸಿ ನೋಡಬಹುದು. ಆದರೆ ಅದು ಮಡಚುವ ಜಾಗದಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಕೊನೆಯ ಉಪಾಯವೆಂದರೆ ಹಾಳೆಯನ್ನೇ ಬದಲಿಸುವುದು. ಈ ಯಂತ್ರದ ಮೇಲೆ ಮೋಹವಿರುವವರು ಜಗತ್ತಿನಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೆಂದರೆ, ಇದರ ಹಾಳೆಗಳನ್ನು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ.

ಮುಚ್ಚಳ ಮುಚ್ಚುವ ಮುನ್ನವೇ ಐದು ಕೀಲಿಗಳನ್ನೂ ಒತ್ತಿ ನೋಡಿದೆವು. ಐದೂ ಎದ್ದು ಕುಳಿತಿದ್ದವು.

ಇನ್ನು ಕ್ಯಾಸೆಟ್. ಹಿಂದೆ ಬೆಳಗಿನ ಹೊತ್ತು ಸುಪ್ರಭಾತ ಹಾಕುತ್ತಿದ್ದ ಟೇಪ್‌ರೆಕಾರ್ಡರನ್ನು ನಮ್ಮ ತಮ್ಮ ದೇವರ ಪಟದ ಹಿಂದಿನಿಂದ ಹುಡುಕಿ ತಂದ. ಮೊದಲ ಬಾರಿ ಹಾಕಿದಾಗ ಪರದೆಯ ಸುತ್ತ ಕೆಂಪು-ನೀಲಿ ಪಟ್ಟೆಗಳು ಓಡಿ, ಟೇಪು ಓದುವಲ್ಲಿ ತಪ್ಪಾಗಿದೆ ಎಂಬ ಬರಹ ಬಂದಿತು. ಎರಡನೆಯ ಬಾರಿಯೂ ಅದೇ. ಆಗ ಹಿರಿಯರು ತಮ್ಮ ಚೀಲದಿಂದ ಸ್ಪಿರಿಟ್ಟಿನ ಸೀಸೆಯನ್ನು ತೆಗೆದರು. ಕೀಲಿಗೆ ವ್ಯರ್ಥವಾದ ಔಷಧ ಇಲ್ಲಿ ಸಾರ್ಥಕವಾಯಿತು: ರೆಕಾರ್ಡರಿನ ಹೆಡ್ಡಿನ ಮೇಲೆ ಕಂದು ಬಣ್ಣದ ಕೊಳೆ ಗಟ್ಟಿಯಾಗಿ ಕೂತಿತ್ತು, ಹತ್ತಿ ಮೂರು ಬಾರಿ ಬದಲಿಸಬೇಕಾಯಿತು. ಧ್ವನಿಯನ್ನು ಮುಕ್ಕಾಲು ಮಟ್ಟಕ್ಕೆ ಏರಿಸಿ ಮೂರನೆಯ ಬಾರಿ ಹಾಕಿದೆವು. ಕಿವಿಗೆ ಮುಳ್ಳು ಚುಚ್ಚುವಂಥ ಕೂಗು. ಕೆಂಪು-ನೀಲಿ ಪಟ್ಟೆಗಳು ಹೋಗಿ ಹಳದಿ-ನೀಲಿ ಪಟ್ಟೆಗಳು ಬಂದವು. ಸಂಜೆಯ ಮೊದಲ ಗಿರಾಕಿಗಳು ಒಳಬಂದು, ಹೋಟೆಲಿನಲ್ಲಿ ಇದೇನು ಗಲಾಟೆ ಎಂದು ನಿಂತು ನೋಡತೊಡಗಿದರು.

ಸದ್ದು ನಿಂತಿತು. ಪರದೆ ಬಿಳಿಯಾಯಿತು.

ಕ, ಖ, ಗ, ಘ, ಙ.

ಚೌಕ ಚೌಕ ಚುಕ್ಕೆಗಳಿಂದ ಕಟ್ಟಿದ ಕನ್ನಡ ಅಕ್ಷರಗಳು! ಕನ್ನಡವನ್ನೇ ಅರಿಯದ ಯಂತ್ರದಲ್ಲಿ ಅವು ಎಲ್ಲಿಂದ ಬಂದವು? ಹಿರಿಯರು ಆಗ ಬಾಯಿಬಿಟ್ಟರು. ಮಗಳು ಮುಂಬಯಿಯಲ್ಲಿಯೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದವಳು. ಮನೆಯಲ್ಲಿ ಕನ್ನಡ ಆಡುತ್ತಿದ್ದಳು, ಪುಸ್ತಕ ಹಿಡಿದರೆ ಆಕಳಿಸುತ್ತಿದ್ದಳು. ಟೀವಿಯ ಮುಂದೆ ಮಾತ್ರ ಕದಲದೆ ಕೂಡುತ್ತಿದ್ದಳು. ಹಾಗಾದರೆ ಅಕ್ಷರ ಟೀವಿಯಲ್ಲಿಯೇ ಬರಲಿ ಎಂದು ಅವರು ಈ ಯಂತ್ರವನ್ನು ಕೊಂಡರು. ಬಳಸುವವರು ತಮಗೆ ಬೇಕಾದ ಚಿಹ್ನೆಗಳನ್ನು ರಚಿಸಿಕೊಳ್ಳಲು ಇದರಲ್ಲಿ 21 ಮನೆಗಳಿವೆ; ಒಂದೊಂದೂ ಎಂಟಕ್ಕೆಂಟು ಚುಕ್ಕೆಗಳದು. ನಮ್ಮ ದುಂಡಗಿನ ಅಕ್ಷರ ಅಷ್ಟು ಇಕ್ಕಟ್ಟಿನಲ್ಲಿ ಹಿಡಿಯುವುದಿಲ್ಲ. ಅವರು ನಾಲ್ಕು ಮನೆಗಳನ್ನು ಕೂಡಿಸಿ ಒಂದು ಅಕ್ಷರ ಮಾಡಿದರು. ಐದು ಅಕ್ಷರಕ್ಕೆ ಇಪ್ಪತ್ತು ಮನೆ. ಸರಿಯಾಗಿ ಒಂದು ವರ್ಗ! ಮಿಕ್ಕ ಒಂದು ಮನೆಯಲ್ಲಿ ಒಂದು ಹೂವನ್ನು ಬರೆದರು. ಮಗಳು ಸರಿಯಾಗಿ ಗುರುತಿಸಿದರೆ ಆ ಹೂ ಬರುತ್ತಿತ್ತು.

ಕಚೇರಿಯಿಂದ ಬಂದ ಮೇಲೆ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಹದಿನಾರಕ್ಕೆ ಹದಿನಾರು ಚೌಕಗಳ ಅಕ್ಷರ ಬರೆದು, ಪ್ರತಿ ಅಕ್ಷರಕ್ಕೆ 32 ಅಂಕಿಗಳನ್ನು ಲೆಕ್ಕಹಾಕಿ ಟೈಪು ಮಾಡುತ್ತಿದ್ದರಂತೆ. ವರ್ಗೀಯ ಅಕ್ಷರ 25ಕ್ಕೇ 800 ಅಂಕಿಗಳಾದವು. "ಙ ಮಾತ್ರ ಆರು ಸಲ ಬರೆದೆ. ಯಾರೂ ಬಳಸದ ಅಕ್ಷರ, ಅದಕ್ಕೇ ಹೆಚ್ಚು ಕಷ್ಟ" ಎಂದು ನಕ್ಕರು. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾಯರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆಯನ್ನು ವಿನ್ಯಾಸಗೊಳಿಸಿದರು. ಅವರ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರದ ಅಧಿಕೃತ ಕೀಲಿಮಣೆಗೆ ಆಧಾರವಾಯಿತು. ಆ ಕೆಲಸದ ಫಲದಿಂದಲೇ ನಾವಿಂದು ಈ ಲೇಖನವನ್ನು ಬೆರಳ ತುದಿಯಲ್ಲಿ ಹೊಡೆಯುತ್ತಿದ್ದೇವೆ. ಅದು ಕನ್ನಮ್ವಾರ್ ನಗರದ ಮನೆಗಳನ್ನು ತಲಪುವ ಮುನ್ನ, ಒಬ್ಬ ಟೈಪಿಸ್ಟರು ಮಗಳಿಗಾಗಿ ಚುಕ್ಕೆ ಎಣಿಸುತ್ತ ಕುಳಿತಿದ್ದರು ಎಂಬುದು ನಮಗೆ ಆ ಸಂಜೆಯವರೆಗೆ ತಿಳಿದಿರಲಿಲ್ಲ. ಮೂವತ್ತು ವರ್ಷ ಅವರಿಗೆ ಚಹಾ ಕೊಟ್ಟಿದ್ದೇವೆ!

ಆ ಮಗಳಿಗೆ ಈಗ ಒಬ್ಬ ಮಗನಿದ್ದಾನೆ, ಆರು ವರ್ಷ. ಅವನು ಶುಕ್ರವಾರ ಅಜ್ಜನ ಮನೆಗೆ ಬರುವವನಿದ್ದ. ಅವನಿಗೆ ತೋರಿಸಬೇಕೆಂಬುದೇ ಹಿರಿಯರ ಅವಸರ.

ಶನಿವಾರ ಭಂಗಾರಿನವನು ಬಂದು ಎರಡು ಕಬ್ಬಿಣದ ಮಂಚಗಳನ್ನೂ ಒಂದು ಕೂಲರನ್ನೂ ತೂಗಿ ಒಯ್ದನಂತೆ. ಕಪ್ಪು ಪೆಟ್ಟಿಗೆ ಬಾಡಿಗೆಯ ಮನೆಗೆ ಹೋಗಿದೆ. ಬಾಲದಲ್ಲಿ ಇನ್ನೊಮ್ಮೆ ಕತ್ತರಿಸುವಷ್ಟು ಉದ್ದ ಉಳಿದಿಲ್ಲವಾದ್ದರಿಂದ ಹುಡುಗ ಹೊಸ ಹಾಳೆಯೊಂದಕ್ಕೆ ಇಂಗ್ಲೆಂಡಿಗೆ ಬರೆದಿದ್ದಾನೆ. ದುಡ್ಡು ನಮ್ಮ ಗಲ್ಲಾದ್ದು. ಮೊಮ್ಮಗ ಚ-ವರ್ಗದವರೆಗೆ ಬಂದಿದ್ದಾನೆಂದೂ, ಹೂ ಬರಲೆಂದು ಗೊತ್ತಿರುವ ಅಕ್ಷರವನ್ನೇ ಮತ್ತೆ ಮತ್ತೆ ಒತ್ತುತ್ತಾನೆಂದೂ ಕಳೆದ ವಾರ ಚಹಾ ಕುಡಿಯುತ್ತ ಹಿರಿಯರು ಹೇಳಿದರು. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಒತ್ತಕ್ಷರಗಳಿವೆಯಂತೆ. ಅದು ಮಾತ್ರ ಇನ್ನೂ ಓದುತ್ತಿಲ್ಲ. ರವಿವಾರ ರೆಕಾರ್ಡರನ್ನು ಮತ್ತೆ ಬಿಚ್ಚುವುದೆಂದು ನಿಶ್ಚಯವಾಗಿದೆ.